ಗೊಲ್ಲಾಳಪ್ಪನ ನಾಲಿಗೆ ಮತ್ತು ನಾಲ್ಕು ಅಡಿ ಸಮುದ್ರ

ನಮ್ಮ ವಾಡಿಯಿಂದ ಸಮುದ್ರ ಎಷ್ಟು ದೂರ ಎಂದು ಹೋದ ವರ್ಷ ಯಾರಾದರೂ ಕೇಳಿದ್ದರೆ, ಮುಂಬೈ ಕಡೆ ಹೋದರೂ ಮದ್ರಾಸಿನ ಕಡೆ ಹೋದರೂ ಒಂದು ರಾತ್ರಿಯ ರೈಲು ಎನ್ನುತ್ತಿದ್ದೆ. ಈಗ ನನ್ನ ಮನೆಯ ಗೋಡೆಯಾಚೆಗೇ ಇದೆ ಎನ್ನಬೇಕಾಗಿದೆ. ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲದ ಗಾಜಿನ ಸಮುದ್ರ. ಅದರ ಒಡೆಯ ಗೊಲ್ಲಾಳಪ್ಪ, ಮದುವೆ ಅಡುಗೆಯವನು. ಆ ಸಮುದ್ರದಲ್ಲಿ ಆರು ತಿಂಗಳೊಳಗೆ ಹನ್ನೊಂದು ಮೀನು ಸತ್ತವು. ರೋಗ ಬಂದು ಸತ್ತದ್ದು ಒಂದೂ ಇಲ್ಲ. ಹನ್ನೊಂದನ್ನೂ ಅವನೇ ಕೊಂದ, ಅದೂ ಬಹಳ ಪ್ರೀತಿಯಿಂದ.

ಗೊಲ್ಲಾಳಪ್ಪ ಮೂಲತಃ ಆಡಕಿಯವನು. ವಾಡಿಗೆ ಬಂದು ನನ್ನ ಪಕ್ಕದ ಮನೆ ಹಿಡಿದು ಇಪ್ಪತ್ತೆರಡು ವರ್ಷವಾಯಿತು. ಸೇಡಂ, ಚಿತ್ತಾಪುರ, ಶಹಾಬಾದ, ಚಿಂಚೋಳಿ, ಮದುವೆ ಎಲ್ಲಿಯದೇ ಇರಲಿ, ಅವನ ಕಟ್ಟಿನ ಸಾರು ಉಂಡ ಬೀಗರು ಕೈ ತೊಳೆಯಲು ಏಳುವುದಕ್ಕೆ ತಡ ಮಾಡುತ್ತಿದ್ದರು. ಅಷ್ಟನ್ನು ನಾನು ಒಪ್ಪುತ್ತೇನೆ. ಒಪ್ಪಲಾಗದ್ದು ಅವನ ಜಂಬ. ಎರಡು ಸಾವಿರ ಮಂದಿಯ ಸಾರಿಗೂ ಅವನು ಉಪ್ಪು ತೂಗಿದವನಲ್ಲ. ಮುಷ್ಟಿಯಲ್ಲಿ ಎತ್ತಿ ಎಸೆದು, ಸೌಟಿನಿಂದ ಒಂದು ಹನಿ ಎಡ ಅಂಗೈಗೆ ಬಿಟ್ಟುಕೊಂಡು ನೆಕ್ಕಿ, ಕಣ್ಣು ಮುಚ್ಚಿ, "ಹದಾ ಅದ" ಎನ್ನುವನು. ಆ ಎರಡು ಶಬ್ದ ಬಿದ್ದ ಮೇಲೆ ಮದುವೆಯ ಯಜಮಾನನೂ ಉಪ್ಪಿನ ಮಾತು ಎತ್ತುವ ಹಾಗಿಲ್ಲ. ಮನೆಯಲ್ಲಿಯೂ ಅದೇ ದರ್ಬಾರು. ಅವನ ಹೆಂಡತಿ ಗುಂಡಮ್ಮ ರೊಟ್ಟಿ ಬಡಿಯಬೇಕು, ಕಾಯಿಪಲ್ಲೆ ಹೆಚ್ಚಬೇಕು, ಪಾತ್ರೆ ಬೆಳಗಬೇಕು. ಉಪ್ಪಿನ ಡಬ್ಬಿ ಮಾತ್ರ ಮುಟ್ಟುವಂತಿಲ್ಲ.

ನಾನು ಲಕ್ಷ್ಮಿಕಾಂತ. ಇಲ್ಲಿಯ ಸಿಮೆಂಟ್ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಮೂವತ್ತೊಂದು ವರ್ಷ ಕಲ್ಲಿನ ಪುಡಿ ತೂಗಿ, ಸುಣ್ಣ ಎಷ್ಟು, ತೇವ ಎಷ್ಟು ಎಂದು ಬರೆದು ಕೊಟ್ಟು ನಿವೃತ್ತನಾದವನು. ಕಣ್ಣಂದಾಜು, ಕೈಯಂದಾಜು ಎಂದವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಹೆಂಡತಿ ತೀರಿಕೊಂಡು ಆರು ವರ್ಷ. ಅಂದಿನಿಂದ ದಿನಾ ಸಂಜೆ ಗುಂಡಮ್ಮ ಗೋಡೆಯ ಮೇಲಿಂದ ಒಂದು ಬಟ್ಟಲು ಸಾರು ದಾಟಿಸುತ್ತಾಳೆ. ಗಂಡನನ್ನು ಬೈದು ಅದೇ ಗಂಡನ ಸಾರು ಉಣ್ಣುವುದರಲ್ಲಿ ನನಗೆ ನಾಚಿಕೆಯೇನೂ ಇರಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಅವನನ್ನು ನಾನು ಹೊಗಳಿದ್ದು ಒಂದೇ ಸಲ, ಹೋದ ದಸರೆಯ ಹೊತ್ತಿಗೆ. "ಈಚೀಚೆಗ ನಿನ್ನ ಸಾರು ಮೊದಲಿಗಿಂತಾ ಚಲೋ ಆಗ್ಲಿಕತ್ತದ" ಎಂದಿದ್ದೆ. ಹೊಗಳಿದರೆ ಹಾರಬೇಕಾದ ಮನುಷ್ಯ ಅವತ್ತು ಮಾತಾಡದೆ ಒಳಗೆ ಹೋದ. ಶ್ರಾವಣದಲ್ಲಿ ಹದಿನೈದು ದಿನ ಜ್ವರ ಬಂದು ಮಲಗಿ ಎದ್ದಿದ್ದ, ಇನ್ನೂ ಸುಸ್ತಿರಬೇಕು ಎಂದುಕೊಂಡೆ.

ಗಾಜಿನ ಸಮುದ್ರ ಬಂದದ್ದು ದೀಪಾವಳಿ ಮುಗಿದ ಮೇಲೆ. ಕಾರ್ಖಾನೆಯ ಒಬ್ಬ ಆಫೀಸರಿಗೆ ವರ್ಗವಾಯಿತು. ಕರಾವಳಿಯ ಕಡೆಯವರು, ಕ್ವಾರ್ಟರ್ಸಿನ ಹಾಲಿನಲ್ಲಿ ಸಮುದ್ರದ ಮೀನು ಸಾಕಿದ್ದರು. ಬೀಳ್ಕೊಡುಗೆಯ ಊಟಕ್ಕೆ ಅಡುಗೆ ಗೊಲ್ಲಾಳಪ್ಪನದು. ಒಲೆ ಬಿಟ್ಟು ಬಂದು ಅವನು ಆ ಗಾಜಿನ ಮುಂದೆ ಅರ್ಧ ತಾಸು ನಿಂತ. ನೀರಿನಲ್ಲಿ ಬೆರಳು ಅದ್ದಿ ನೆಕ್ಕಿದ್ದನ್ನು ನಾನೇ ನೋಡಿದೆ. ಹೀಗೂ ಉಂಟೇ ಎಂದು ನನಗೆ ಹೇಸಿಗೆಯಾಯಿತು. ಮೀನನ್ನು ಆ ಆಫೀಸರು ತಮ್ಮ ಗೆಳೆಯರಿಗೆ ಕೊಟ್ಟರು. ಖಾಲಿ ತೊಟ್ಟಿ, ಪಂಪು, ಕಲ್ಲು, ಮರಳು, ಉಪ್ಪಿನಂಶ ಅಳೆಯುವ, ಗಾಜಿನ ಕಡ್ಡಿಯಂಥ ಒಂದು ಹೈಡ್ರೋಮೀಟರು, ಹೇಗೆ ನೋಡಿಕೊಳ್ಳಬೇಕೆಂದು ಬರೆದ ಒಂದು ಚೀಟಿ, ಇಷ್ಟನ್ನು ಗೊಲ್ಲಾಳಪ್ಪ ಕೇಳಿ ಪಡೆದುಕೊಂಡ.

ಚೀಟಿ ಇಂಗ್ಲಿಷಿನಲ್ಲಿತ್ತು. ಓದಿ ಹೇಳಿದವನು ನಾನು. ಉಪ್ಪುನೀರು ತುಂಬಿ ಒಂದು ತಿಂಗಳಾದರೂ ಮೀನಿಲ್ಲದೆ ಪಂಪು ಓಡಿಸಬೇಕು. ಮೀನಿನ ಹೊಲಸನ್ನು ತಿಂದು ಹಾಕುವ, ಕಣ್ಣಿಗೆ ಕಾಣದ ಜೀವಿಗಳು ಕಲ್ಲು ಮರಳಿನಲ್ಲಿ ಬೆಳೆಯುವುದಕ್ಕೆ ಅಷ್ಟು ಕಾಲ ಬೇಕು. ಆಮೇಲೆ ಒಂದೊಂದೇ ಮೀನು ಬಿಡಬೇಕು. ದಿನಕ್ಕೆ ಒಂದು ಚಿಟಿಕೆ ಆಹಾರ. ಆವಿಯಾಗಿ ನೀರು ಇಳಿದಾಗ ಸಿಹಿನೀರನ್ನೇ ಹಾಕಬೇಕು, ಏಕೆಂದರೆ ಆವಿಯಾಗುವುದು ನೀರು, ಉಪ್ಪು ಕೆಳಗೇ ಉಳಿಯುತ್ತದೆ. ಹೈಡ್ರೋಮೀಟರು ನೀರಿನಲ್ಲಿ ತೇಲಿಬಿಟ್ಟು ವಾರಕ್ಕೊಮ್ಮೆ ನೋಡಬೇಕು, 1.025ರ ಗೆರೆ ತೋರಿಸಿದರೆ ಸಮುದ್ರದ ಉಪ್ಪು ಸರಿಯಾಗಿದೆ ಎಂದರ್ಥ.

ಎಲ್ಲ ಕೇಳಿ ಅವನು ನಕ್ಕ. "ಒಲಿ ಹೊತ್ತಿಸಿ ಯಾರರ ತಿಂಗಳಗಟ್ಲೆ ಖಾಲಿ ಬಿಡ್ತಾರೇನ್ರಿ ಸಾಹೇಬ್ರ? ಗ್ಯಾಸ್ ದಂಡ."

"ಮತ್ತ ಈ ಕಡ್ಡಿ?"

"ಈ ಕಡ್ಡಿ ನಿಮ್ಮ ಲ್ಯಾಬಿನಾಗ ಇಟಗೋರಿ. ಆ ಸಾಹೇಬ್ರ ಮನ್ಯಾಗಿನ ನೀರಿನ ಹದ ನನ್ನ ನಾಲಿಗ್ಯಾಗ ಕುಂತದ."

ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಹೈಡ್ರೋಮೀಟರನ್ನು ಅವನು ಒಗ್ಗರಣೆ ಡಬ್ಬಿಯಲ್ಲಿ ಹಾಕಿಟ್ಟ.

ಶಹಾಬಾದಿನ ಬಸ್ ನಿಲ್ದಾಣದ ಹತ್ತಿರ ತಾಜುನ್ನಿಸಾ ಎನ್ನುವವರ ಅಂಗಡಿಯಿದೆ. ಬಣ್ಣದ ಮೀನು, ಗಿಳಿ, ಮೊಲ ಮಾರುತ್ತಾರೆ. ಸಮುದ್ರದ ಉಪ್ಪಿನ ಪುಡಿ ಇಡುತ್ತಾರೆ. ಹೇಳಿದರೆ ಹೈದರಾಬಾದಿನಿಂದ ಸಮುದ್ರದ ಮೀನೂ ತರಿಸಿಕೊಡುತ್ತಾರೆ. ತೊಟ್ಟಿ ತುಂಬಿಸಿದ ಮೂರನೆಯ ದಿನವೇ ಗೊಲ್ಲಾಳಪ್ಪ ಅವರಿಂದ ನಾಲ್ಕು ಮೀನು ತಂದು ಒಟ್ಟಿಗೆ ಬಿಟ್ಟ. ಕೇಸರಿ ಮೈಗೆ ಬಿಳಿ ಪಟ್ಟೆಯವು ಎರಡು, ನೀಲಿಯವು ಎರಡು. ವಾಡಿಯ ಅರ್ಧ ಊರು ನೋಡಲು ಬಂತು. ನಮ್ಮ ಕಡೆ ಸಿಮೆಂಟಿನ ಬೂದಿ, ಕಲ್ಲಿನ ಬೂದಿ ಬಿಟ್ಟರೆ ಬೇರೆ ಬಣ್ಣ ಕಡಿಮೆ, ಜನ ಬಾಯಿ ಬಿಟ್ಟುಕೊಂಡು ನಿಂತದ್ದರಲ್ಲಿ ತಪ್ಪಿಲ್ಲ. ಆರನೆಯ ದಿನ ನಾಲ್ಕೂ ಹೊಟ್ಟೆ ಮೇಲಾಗಿ ತೇಲಿದವು.

ತಾಜುನ್ನಿಸಾ ಚಿತ್ತಾಪುರಕ್ಕೆ ಹೋಗುವ ದಾರಿಯಲ್ಲಿ ಇಳಿದು ಬಂದು ನೋಡಿದರು. "ಭಾಯಿ, ನೀರು ನೋಡ್ಲಿಕ್ಕ ಸಾಫ್ ಅದ, ಒಳಗ ಜಹರ್ ಅದ, ವಿಷ. ಮೀನಿನ ಉಚ್ಚಿನೇ ಮೀನಿಗಿ ಜಹರ್. ಅದನ್ನ ತಿನ್ನೋ ಹುಳ ಇನ್ನಾ ಹುಟ್ಟಿಲ್ಲ. ತಿಂಗಳ ತಡೀರಿ ಅಂತ ನಾ ಹೇಳಿರ್ಲಿಲ್ಲೇನು?"

"ನೀವು ಕೊಟ್ಟ ಮೀನೇ ಕಚ್ಚಾ ಇದ್ದವು," ಎಂದ ಗೊಲ್ಲಾಳಪ್ಪ. ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಜಾತಿ ಅವನದು.

ಸಂಕ್ರಾಂತಿಗೆ ಎರಡನೆಯ ಸಲ ನಾಲ್ಕು ಬಂದವು. ಅಷ್ಟರಲ್ಲಿ ತೊಟ್ಟಿ ತಾನಾಗಿಯೇ ತಿಂಗಳು ಮೀನಿಲ್ಲದೆ ಓಡಿದ್ದರಿಂದ ನೀರು ಹದಕ್ಕೆ ಬಂದಿತ್ತು. ಈ ಸಲ ಅವನ ಕೈಗೆ ಸಿಕ್ಕ ಆಯುಧ ಊಟ. ಮೀನು ಗಾಜಿನ ಹತ್ತಿರ ಬಂದು ಬಾಯಿ ತೆರೆದು ಮುಚ್ಚುತ್ತದೆ, ಅದು ಅದರ ಉಸಿರಾಟ. ಮದುವೆ ಅಡುಗೆಯವನ ಕಣ್ಣಿಗೆ ಅದು ಹಸಿವು. ಪಂಕ್ತಿಯಲ್ಲಿ ಕುಳಿತವನು ಎರಡೂ ಕೈ ಎಲೆಗೆ ಅಡ್ಡ ಹಿಡಿದು ಸಾಕು ಸಾಕು ಎಂದರೂ ಬೆರಳ ಸಂದಿಯಲ್ಲಿ ಹೋಳಿಗೆ ತೂರಿಸಿ ಬಂದ ಜೀವ ಅವನದು. ಮುಂಜಾನೆ ಒಂದು ಹಿಡಿ, ಮಧ್ಯಾಹ್ನ ಒಂದು ಹಿಡಿ, ಬಂದು ಹೋದವರ ಕೈಯಲ್ಲಿ ಒಂದೊಂದು ಹಿಡಿ.

"ಒಂದು ಚಿಟಿಕಿ ಅಂತ ಬರೆದಾರ," ಎಂದೆ.

"ಚಿಟಿಕಿ ಹಾಕಾಕ ಇದೇನು ಆಸ್ಪತ್ರಿ ಏನ್ರಿ? ನನ್ನ ಮನಿಗಿ ಬಂದಾವ. ಹಸ್ಕೊಂಡು ಮಲಗಿದ್ವು ಅಂದ್ರ ನನಗ ಕೆಟ್ಟ ಹೆಸರು ಬರ್ತದ."

ಹೆಸರು ಬಂತು. ತಿನ್ನದೆ ಉಳಿದದ್ದು ಮರಳಿನಲ್ಲಿ ಕೊಳೆತು, ನೀರು ಗಂಜಿಯಾಗಿ, ಹತ್ತು ದಿನದಲ್ಲಿ ನಾಲ್ಕು ಅತಿಥಿಗಳೂ ಹೋದರು. ಗುಂಡಮ್ಮ ಅವತ್ತು ಮೀನಿನ ಆಹಾರದ ಡಬ್ಬಿಯನ್ನು ತನ್ನ ಸೀರೆಯ ಪೆಟ್ಟಿಗೆಯಲ್ಲಿ ಇಟ್ಟು ಬೀಗ ಹಾಕಿದಳು. ಆ ಮನೆಯಲ್ಲಿ ಬುದ್ಧಿ ಎನ್ನುವುದು ಯಾರ ಹತ್ತಿರ ಇತ್ತು ಎಂದು ನನಗೆ ಅಂದೇ ತಿಳಿಯಬೇಕಿತ್ತು.

ಅವಳ ವಿಷಯ ಬಂತಾದ್ದರಿಂದ ಹೇಳುತ್ತೇನೆ. ಜ್ವರದಿಂದ ಎದ್ದ ಮೇಲೆ ಗೊಲ್ಲಾಳಪ್ಪ ಎಲ್ಲಿ ಅಡುಗೆಗೆ ಹೋದರೂ ಹೆಂಡತಿಯನ್ನು ಕರೆದುಕೊಂಡು ಹೋಗತೊಡಗಿದ್ದ. ಒಲೆಯ ಪಕ್ಕ ಒಂದು ಮಣೆ ಹಾಕಿ ಅವಳನ್ನು ಕೂಡಿಸುವನು. ಅವನು ಉಪ್ಪು ಎಸೆದ ಮೇಲೆ ಅವಳೂ ಒಂದು ಹನಿ ಬಾಯಿಗೆ ಹಾಕಿಕೊಂಡು ಸೆರಗು ಸರಿಮಾಡಿಕೊಳ್ಳುವಳು, ಆಮೇಲೆ ಅವನು ಕಣ್ಣು ಮುಚ್ಚಿ "ಹದಾ ಅದ" ಎನ್ನುವನು. ಐವತ್ತೆಂಟಕ್ಕೆ ಹೆಂಡತಿಯನ್ನು ಅರೆಗಳಿಗೆ ಬಿಟ್ಟಿರಲಾರದ ಹೊಸ ಮದುಮಗ ಎಂದು ನಾನು ಸ್ಟೇಷನ್ ಎದುರಿನ ಮಲ್ಲುವಿನ ಚಹಾದ ಹೋಟೆಲಿನಲ್ಲಿ ಎಲ್ಲರನ್ನೂ ನಗಿಸುತ್ತಿದ್ದೆ. ಮಲ್ಲು ಹೊಟ್ಟೆ ಹಿಡಿದು ನಗುತ್ತಿದ್ದ.

ಶಿವರಾತ್ರಿಯ ಹೊತ್ತಿಗೆ ಮೂರನೆಯ ತಂಡ ಬರುವುದಿತ್ತು. ಮಲ್ಲುವಿನ ಹೋಟೆಲಿನಲ್ಲಿ ಹತ್ತು ಜನರ ಎದುರು ನಾನು ಅವನನ್ನು ಹಿಡಿದೆ. ತಿಂಗಳು ಕಾಯುವುದನ್ನು ಕಲಿತೆ, ಚಿಟಿಕೆ ಹಾಕುವುದನ್ನು ಹೆಂಡತಿ ಕಲಿಸಿದಳು, ಇನ್ನು ಉಪ್ಪನ್ನೂ ಅಳೆದು ಹಾಕು, ಆ ಬಡ ಜೀವಗಳು ಬದುಕಲಿ ಎಂದೆ. ಅಷ್ಟಕ್ಕೆ ಬಿಡಬಹುದಿತ್ತು. ನಾನು ಬಿಡಲಿಲ್ಲ. "ವಯಸ್ಸಾತು ಗೊಲ್ಲಾಳಪ್ಪ. ನಾಲಿಗಿಗೂ ಪಿಂಚಣಿ ಕೊಡಬೇಕಾಗ್ತದ," ಎಂದೆ.

ಅವನ ಮುಖ ಕಪ್ಪಿಟ್ಟಿತು. ಚಹಾದ ಗ್ಲಾಸು ಕೆಳಗಿಟ್ಟು ಎದ್ದು ನಿಂತ. "ಎಲ್ಲಾರೂ ಕೇಳ್ರಿ. ಈಗ ಬರೋ ನಾಲ್ಕು ಮೀನು ನನ್ನ ನಾಲಿಗಿ ಉಪ್ಪಿನ ಮ್ಯಾಲೇ ಬದುಕತಾವ. ಬಸವ ಜಯಂತಿ ತನಕ ಬದುಕಲಿಲ್ಲ ಅಂದ್ರ ನಾ ಸೌಟು ಕೆಳಗ ಇಡ್ತೀನಿ. ಮತ್ತ ಯಾರ ಮದುವಿ ಒಲಿ ಮುಂದೂ ನಿಂದ್ರಂಗಿಲ್ಲ."

ಮಾತು ಮನೆ ಕೆಡಿಸಿತು ಎನ್ನುತ್ತಾರೆ. ವೈಶಾಖದಲ್ಲಿ ಮಲ್ಲುವಿನ ಅಣ್ಣನ ಮಗಳ ಮದುವೆ ಸೇಡಂನಲ್ಲಿ, ಅಡುಗೆ ಗೊಲ್ಲಾಳಪ್ಪನದೇ ಎಂದು ಮಾತಾಗಿತ್ತು. ಮಲ್ಲು ಗಾಬರಿಯಾಗಿ ಇಬ್ಬರ ಮುಖವನ್ನೂ ನೋಡಿದ. ಗೊಲ್ಲಾಳಪ್ಪನಿಗೆ ಹೊಲವಿಲ್ಲ, ಬೇರೆ ಕಸುಬಿಲ್ಲ. ಇದ್ದದ್ದು ಒಂದು ಸೌಟು, ಅದರ ಹಿಂದೆ ಒಂದು ಹೆಸರು. ಅದನ್ನು ನಾಲ್ಕು ಮೀನಿನ ಬೆನ್ನ ಮೇಲೆ ಹೇರಿ ಬಂದಿದ್ದ. ನನಗೆ ಆಗ ಹಿಗ್ಗೇ ಆಯಿತು, ಸುಳ್ಳು ಹೇಳುವುದಿಲ್ಲ.

ಮೀನುಗಳನ್ನು ಈ ಸಲ ಒಂದೊಂದಾಗಿ ಬಿಟ್ಟ. ಊಟ ಗುಂಡಮ್ಮನ ಕೈಯಿಂದ, ದಿನಕ್ಕೆ ಒಂದೇ ಚಿಟಿಕೆ. ತಿಂಗಳು ಚೆನ್ನಾಗಿಯೇ ಹೋಯಿತು. ಆಮೇಲೆ ನಮ್ಮ ಚೈತ್ರ ಬಂತು. ವಾಡಿಯ ಬೇಸಿಗೆ ಎಂದರೆ ಹಗಲು ಹನ್ನೊಂದರ ಮೇಲೆ ನಾಯಿ ಸಹ ರಸ್ತೆ ದಾಟುವುದಿಲ್ಲ. ತೊಟ್ಟಿಯ ನೀರು ದಿನಕ್ಕೆರಡು ಬೆರಳು ಇಳಿಯುತ್ತಿತ್ತು. ಗೊಲ್ಲಾಳಪ್ಪ ಬಕೆಟ್ಟಿನಲ್ಲಿ ಉಪ್ಪು ಕದಡಿ ಆ ನೀರನ್ನೇ ಮೇಲಿಂದ ಸುರಿಯುವನು. ಮುಂಜಾನೆ ನಾನು ಹಲ್ಲುಜ್ಜುವ ಹೊತ್ತಿಗೆ ಕಿಟಕಿಯಲ್ಲಿ ಕಾಣುತ್ತಿದ್ದ. ತೊಟ್ಟಿಯ ಮುಂದೆ ನಿಂತು ಬೆರಳು ಅದ್ದಿ ನೆಕ್ಕುವನು. ಮತ್ತೆ ಅದ್ದುವನು, ಮತ್ತೆ ನೆಕ್ಕುವನು. ಆಮೇಲೆ ಇನ್ನೊಂದು ಹಿಡಿ ಉಪ್ಪು ಹಾಕುವನು.

"ಗೊಲ್ಲಾಳಪ್ಪ, ಆರಿದ್ದು ನೀರು. ಉಪ್ಪು ಅಲ್ಲೇ ಅದ. ಸಿಹಿನೀರು ಹಾಕು," ಎಂದು ಕಿಟಕಿಯಿಂದಲೇ ಕೂಗಿದೆ.

"ಸಮುದ್ರದ ಮೀನಿಗಿ ಸಿಹಿನೀರು ಹಾಕಿ ಕೊಲ್ಲಂತೀರೇನು? ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಅಂತಾರ್ರಿ ಸಾಹೇಬ್ರ."

ತಾಯಿ ಇವನೇ ಆದರೆ ಅನಾಥರಾಗಿ ಬದುಕುವುದೇ ವಾಸಿ ಎಂದು ಮೀನಿಗೆ ಅನಿಸಿರಬೇಕು. ಯುಗಾದಿ ಕಳೆದ ವಾರದಲ್ಲಿ ಒಂದು ಹೋಯಿತು. ಮೂರು ದಿನಕ್ಕೆ ಇನ್ನೊಂದು, ಅದರ ಮರುದಿನ ಮತ್ತೊಂದು. ಉಳಿದದ್ದು ಕೇಸರಿ ಬಣ್ಣದ ಒಂದು ಹೆಣ್ಣು ಮೀನು, ಅದೂ ಮೂಲೆಯಲ್ಲಿ ಕಿವಿರು ಬಡಿಯುತ್ತಾ ನಿಂತಿತ್ತು.

ಊರಿನಲ್ಲಿ ಸುದ್ದಿಯಾಯಿತು. ಸೌಟು ಯಾವಾಗ ಕೆಳಗಿಡ್ತಿ ಎಂದು ಹೋಟೆಲಿನಲ್ಲಿ ಕೇಳಿದವರಿಗೆ ಅವನದು ಒಂದೇ ಉತ್ತರ: "ಮೂರು ಹೋಗಿದ್ದು ಬಿಸಿಲಿಗಿ. ಉಪ್ಪು ಹದಾನೇ ಅದ." ಹಾಗಾದರೆ ನಾಲ್ಕು ಜನರ ಮುಂದೆ ಅಳೆದೇ ಬಿಡೋಣ ಎಂದೆ. ಉಪ್ಪು ಸರಿ ಇದ್ದರೆ ನಾನು ಅವನ ಕಾಲು ಹಿಡಿಯುವುದು, ತಪ್ಪಿದ್ದರೆ ಸೌಟು ಕೆಳಗೆ. ಅವನು ಒಪ್ಪಿದ. ಒಪ್ಪುವಾಗ ಗುಂಡಮ್ಮ ಬಾಗಿಲಲ್ಲಿ ನಿಂತು ಬೇಡ ಬೇಡ ಎಂದು ಕೈಯಾಡಿಸಿದ್ದು ನನಗೆ ಕಂಡಿತ್ತು. ಗಂಡನ ಮಾನ ಹೋಗುವುದೆಂದು ಹೆದರಿದ್ದಾಳೆ, ಹೆದರಲಿ ಎಂದುಕೊಂಡೆ.

ಭಾನುವಾರ ಮುಂಜಾನೆ ಮಲ್ಲು ಬಂದ, ಶಹಾಬಾದಿನಿಂದ ತಾಜುನ್ನಿಸಾ ಬಂದರು. ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಪ್ರಯೋಗಾಲಯದ ಕಾಲದ ಉದ್ದನೆಯ ಗಾಜಿನ ಜಾಡಿ ಹಿಡಿದುಕೊಂಡು ಹೋದೆ. ಒಗ್ಗರಣೆ ಡಬ್ಬಿಯಿಂದ ಹೈಡ್ರೋಮೀಟರು ಹೊರಬಂತು, ಮೈಗೆಲ್ಲ ಜೀರಿಗೆ ಅಂಟಿತ್ತು. ತೊಳೆದೆ. ತೊಟ್ಟಿಯ ನೀರನ್ನು ಜಾಡಿಗೆ ತುಂಬಿದೆ. ರುಚಿ ನೋಡಲೆಂದು ಅದೇ ನೀರನ್ನು ಒಂದು ಸ್ಟೀಲ್ ಗ್ಲಾಸಿಗೂ ಹಾಕಿ ಮೇಜಿನ ಮೇಲಿನ ತಟ್ಟೆಯಲ್ಲಿಟ್ಟೆ. ಆಮೇಲೆ ಬಾಯಿ ಮುಕ್ಕಳಿಸಲೆಂದು ಗುಂಡಮ್ಮ ಕುಡಿಯುವ ನೀರಿನ ಇನ್ನೊಂದು ಗ್ಲಾಸು ತಂದು ಅದೇ ತಟ್ಟೆಯಲ್ಲಿಟ್ಟಳು.

ಕಡ್ಡಿಯನ್ನು ಜಾಡಿಯಲ್ಲಿ ಬಿಟ್ಟೆ. ಅದು ಮೇಲಕ್ಕೆ ಚಿಮ್ಮಿ ತೇಲಿತು. ನಾನು ಕನ್ನಡಕ ಏರಿಸಿ, ಗಂಟಲು ಸರಿಮಾಡಿಕೊಂಡು, ಹರಾಜು ಕೂಗುವವನ ದನಿಯಲ್ಲಿ ಓದಿದೆ: "ಇರಬೇಕಾದದ್ದು ಒಂದು ದಶಾಂಶ ಸೊನ್ನೆ ಎರಡು ಐದು. ಇರೋದು ಒಂದು ದಶಾಂಶ ಸೊನ್ನೆ ಮೂರು ಏಳು!"

"ಯಾ ಅಲ್ಲಾ," ಎಂದರು ತಾಜುನ್ನಿಸಾ. "ಇದರಾಗ ಉಪ್ಪಿನಕಾಯಿ ಹಾಕಬಹುದು."

"ನಿನ್ನ ಕಡ್ಡಿ ಸುಳ್ಳು!" ಗೊಲ್ಲಾಳಪ್ಪ ಗುಡುಗಿದ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ನನಗೆ ಏಕವಚನ ಬಂತು. ತಟ್ಟೆಗೆ ಕೈ ಹಾಕಿ ಗ್ಲಾಸು ಎತ್ತಿ ಬಾಯಿ ತುಂಬ ಹಾಕಿಕೊಂಡ. ಈ ದವಡೆಯಿಂದ ಆ ದವಡೆಗೆ ಆಡಿಸಿದ. ಕಣ್ಣು ಮುಚ್ಚಿದ. ನುಂಗಿದ. ಆಮೇಲೆ ಎದೆಯುಬ್ಬಿಸಿ ಹೇಳಿದ: "ಉಪ್ಪು ಹದಾ ಅದ. ಆ ಸಾಹೇಬ್ರ ನೀರಿನಂಗೇ ಅದ. ಒಂದು ಹರಳು ಹೆಚ್ಚಿಲ್ಲ, ಕಮ್ಮಿ ಇಲ್ಲ."

ಅವನು ಎತ್ತಿದ್ದು ಗುಂಡಮ್ಮ ತಂದಿಟ್ಟ ಗ್ಲಾಸು.

ಮಲ್ಲು ತಮಾಷೆ ಎಂದುಕೊಂಡು ಚಪ್ಪಾಳೆ ತಟ್ಟಿ ನಕ್ಕ. "ಏ ಗೊಲ್ಲಾಳಪ್ಪ ಕಾಕಾ, ಅದು ಕುಡಿಯೋ ನೀರು! ಭಾರೀ ನಾಟಕ ಮಾಡ್ತಿ ನೋಡು." ನಾನೂ ನಗಲು ಬಾಯಿ ತೆರೆದಿದ್ದೆ.

ಗೊಲ್ಲಾಳಪ್ಪ ನಗಲಿಲ್ಲ. ಕೈಯಲ್ಲಿದ್ದ ಗ್ಲಾಸಿನೊಳಗೆ ನೋಡಿದ. ಉಳಿದಿದ್ದ ಒಂದು ಗುಟುಕನ್ನೂ ಬಾಯಿಗೆ ಹಾಕಿಕೊಂಡ. ಆಮೇಲೆ ಹೆಂಡತಿಯ ಕಡೆ ತಿರುಗಿ, ಕೇಳಿಸಿಯೂ ಕೇಳಿಸದ ದನಿಯಲ್ಲಿ ಕೇಳಿದ: "ಇದರಾಗ ಉಪ್ಪಿಲ್ಲೇನು?"

"ಇಲ್ರಿ," ಎಂದಳು ಗುಂಡಮ್ಮ.

ಪಂಪು ಗುರ್ ಎನ್ನುತ್ತಿತ್ತು. ಗೊಲ್ಲಾಳಪ್ಪ ತೊಟ್ಟಿಯ ಪಕ್ಕದ ಮಣೆಯ ಮೇಲೆ ಕುಳಿತುಬಿಟ್ಟ. ನಮಗೆ ಹೇಳಿದನೋ, ತನಗೇ ಹೇಳಿಕೊಂಡನೋ, ನೆಲ ನೋಡುತ್ತಾ ಹೇಳಿದ.

"ಜ್ವರ ಬಂದು ಹೋತಲ್ಲ, ಅದರ ಸಂಗಾಟ ಹೋತು. ಉಪ್ಪಿಲ್ಲ, ಹುಳಿಯಿಲ್ಲ, ಖಾರಿಲ್ಲ. ಬಾಯಾಗ ಏನ್ ಹಾಕಿದ್ರೂ ಮಣ್ಣು. ಮನ್ಯಾಗ ಉಪ್ಪು ಅಕಿನೇ ಹಾಕ್ತಿದ್ಳು, ಮದುವಿಗಿ ಅಕಿ ರುಚಿ ನೋಡಿ ಸೆರಗಿನ ಸನ್ನಿ ಮಾಡ್ತಿದ್ಳು, ನಾ ಹದಾ ಅದ ಅಂತಿದ್ದೆ. ಆ ಸಾಹೇಬ್ರ ಮನ್ಯಾಗ ಈ ನೀರಾಗ ಬೆರಳ ಅದ್ದಿ ನೆಕ್ಕಿದೆ ನೋಡ್ರಿ, ಏನೋ ಒಂದು ಸ್ವಲ್ಪ ಚುರುಕ್ ಅಂದಂಗಾತು. ಇಷ್ಟು ಉಪ್ಪಿದ್ರ ನನಗ ತಿಳಿತದ, ದಿನಾ ನೋಡಿದ್ರ ನಾಲಿಗಿ ತಿರುಗಿ ಬರ್ತದ ಅಂತ ತಂದು ಇಟಗೊಂಡೆ. ಮೊದಮೊದಲ ತಿಳಿದಂಗ ಆಗ್ತಿತ್ತು. ಆಮ್ಯಾಲ ಅದೂ ಇಲ್ಲ. ಇನ್ನೊಂದು ಹಿಡಿ ಹಾಕಿದ್ರ ತಿಳೀತದೇನೋ ಅಂತ ಹಾಕ್ಕೋತ ಹೋದೆ. ಇವತ್ತ ತಿಳೀತದ, ನಾಳಿ ತಿಳೀತದ..."

ನಾನು ಕೈಯಲ್ಲಿ ಜಾಡಿ ಹಿಡಿದು ನಿಂತೇ ಇದ್ದೆ. ನಾಲಿಗೆಗೂ ಪಿಂಚಣಿ ಕೊಡಬೇಕು ಎಂದು ಹತ್ತು ಜನರ ಮುಂದೆ ಹಲ್ಲು ಕಿರಿದ ಬಾಯಿ ನನ್ನದು. ಜಾಡಿಯನ್ನು ಎತ್ತಿ ನನ್ನ ತಲೆಗೇ ಒಡೆದುಕೊಳ್ಳಬೇಕು ಎನಿಸಿತು. ಕಲ್ಲಿನಲ್ಲಿ ಸುಣ್ಣ ಎಷ್ಟು ಎಂದು ದಶಾಂಶದಲ್ಲಿ ಹೇಳಬಲ್ಲ ನನಗೆ, ಎಂಟು ತಿಂಗಳಿಂದ ಗೋಡೆಯ ಮೇಲೆ ಬರುತ್ತಿದ್ದ ಸಾರಿನ ಉಪ್ಪು ಯಾರ ಕೈಯದು ಎಂದು ತಿಳಿದಿರಲಿಲ್ಲ. ಜೀವನದಲ್ಲಿ ಒಂದು ಸಲ ಅವನನ್ನು ಹೊಗಳಿದೆ, ಅದೂ ಅವನ ಎದೆಗೇ ಚುಚ್ಚಿತು.

ಗೊಲ್ಲಾಳಪ್ಪ ಎದ್ದು ಒಳಗೆ ಹೋದ. ಗೂಟದಲ್ಲಿ ನೇತುಹಾಕಿದ್ದ ಹಿತ್ತಾಳೆಯ ದೊಡ್ಡ ಸೌಟು ತಂದ. ಅದು ಅವನ ತಂದೆಯದಂತೆ, ಹಿಡಿ ಸವೆದು ತೆಳ್ಳಗಾಗಿದೆ. "ಮಾತಂದ್ರ ಮಾತು," ಎಂದು ಬಗ್ಗಿ ಅದನ್ನು ನಮ್ಮೆಲ್ಲರ ನಡುವೆ ಬಂಡೆಯ ನೆಲದ ಮೇಲೆ ಇಟ್ಟ.

ಇಟ್ಟು ನೆಟ್ಟಗಾಗುವಷ್ಟರಲ್ಲಿ ಗುಂಡಮ್ಮ ಬಂದು ಅದನ್ನು ಎತ್ತಿಕೊಂಡಳು. ಸೆರಗಿನಿಂದ ಒರೆಸಿದಳು. ಮಲ್ಲುವಿಗೆ ಹೇಳಿದಳು: "ತಮ್ಮಾ, ಸೇಡಂ ಮದುವಿಗಿ ಬ್ಯಾಳಿ ಎಷ್ಟು ಹಾಕಬೇಕು, ಮಂದಿ ಎಷ್ಟು, ನನ್ನ ಮುಂದ ಹೇಳು. ಸೌಟು ಇವರು ಇಟ್ಟಾರ. ನಾ ಇಟ್ಟಿಲ್ಲ." ನಂತರ ನನ್ನ ಕಡೆ ತಿರುಗಿದಳು. "ಅಣ್ಣಾರ, ನೀವು ಅಳತಿ ಮಾಡಾದು ಮುಗೀತಂದ್ರ ಆ ಮೀನಿಂದರ ನೋಡ್ರಿ. ಅದು ಸಾಯ್ಲಿಕತ್ತದ."

ಆ ದಿನವೂ ಮರುದಿನವೂ ನಾನು ಅಲ್ಲಿಯೇ ಕುಳಿತೆ. ಒಮ್ಮೆಗೇ ಉಪ್ಪು ಇಳಿಸಿದರೆ ಆ ಪೆಟ್ಟಿಗೇ ಸಾಯುತ್ತದೆ ಎಂದು ತಾಜುನ್ನಿಸಾ ಹೇಳಿ ಹೋಗಿದ್ದರು. ಒಂದು ತಂಬಿಗೆ ತೊಟ್ಟಿಯ ನೀರು ತೆಗೆಯುವುದು, ಒಂದು ತಂಬಿಗೆ ಫಿಲ್ಟರಿನ ಸಿಹಿನೀರು ಹಾಕುವುದು, ಅರ್ಧ ತಾಸು ಕಾಯುವುದು, ಕಡ್ಡಿ ನೋಡುವುದು. ಗೊಲ್ಲಾಳಪ್ಪ ತಂಬಿಗೆ ತುಂಬಿ ತುಂಬಿ ಕೊಟ್ಟ. ಮೂರನೆಯ ದಿನ ಕೇಸರಿ ಮೀನು ಮೂಲೆ ಬಿಟ್ಟು ಬಂದು ಗುಂಡಮ್ಮ ಹಾಕಿದ ಚಿಟಿಕೆಯನ್ನು ತಿಂದಿತು. ಅದು ಇವತ್ತಿಗೂ ಬದುಕಿದೆ. ಹೈಡ್ರೋಮೀಟರು ಈಗ ಒಗ್ಗರಣೆ ಡಬ್ಬಿಯಲ್ಲಿಲ್ಲ, ತೊಟ್ಟಿಯ ಪಕ್ಕದ ಮೊಳೆಗೆ ನೇತಾಡುತ್ತದೆ.

ಸೇಡಂನ ಮದುವೆಗೆ ನಾನೂ ಹೋದೆ. ಒಲೆಯ ಮುಂದೆ ಸೆರಗು ಬಿಗಿದು ಗುಂಡಮ್ಮ ನಿಂತಿದ್ದಳು, ಕೈಯಲ್ಲಿ ಹಿತ್ತಾಳೆಯ ಸೌಟು. ಗೊಲ್ಲಾಳಪ್ಪ ಉರಿ ನೋಡಿಕೊಳ್ಳುತ್ತಿದ್ದ, ಆಮೇಲೆ ಸಾರಿನ ಬಕೆಟ್ಟು ಹಿಡಿದು ಪಂಕ್ತಿಗೆ ಬಂದ. ಉಣ್ಣಿಸುವ ಚಟ ಅವನಿಗೆ ಹೋಗಿರಲಿಲ್ಲ, ಬೇಡ ಎಂದವರ ಅನ್ನಕ್ಕೂ ಸುರಿಯುತ್ತಾ ಬಂದ. ಗಂಡಿನ ಕಡೆಯ ಹಿರಿಯರೊಬ್ಬರು ಬೆರಳು ಚೀಪಿ, "ಗೊಲ್ಲಾಳಪ್ಪನ ಕೈ ಅಂದ್ರ ಕೈ ನೋಡ್ರಿ, ಇನ್ನಾ ಹಂಗೇ ಅದ," ಎಂದರು.

"ನನ್ನ ಕೈ ಅಲ್ರಿ," ಎಂದ ಗೊಲ್ಲಾಳಪ್ಪ, ಗದ್ದದಿಂದಲೇ ಒಲೆಯ ಕಡೆ ತೋರಿಸಿ. "ಅಕಿದು." ಎಲ್ಲರಿಗೂ ಕೇಳುವ ಹಾಗೆ ಹೇಳಿದ.

ನನ್ನ ಮುಂದೆ ಬಂದು ನಿಂತು ಸಾರು ಹಾಕಿದ. ಹಾಕಿ ಮುಂದೆ ಹೋಗಲಿಲ್ಲ. "ಸಾಹೇಬ್ರ, ಉಪ್ಪು ಹ್ಯಾಂಗ ಅದ?" ಎಂದು ಕೇಳಿದ. ಇಪ್ಪತ್ತೆರಡು ವರ್ಷದಲ್ಲಿ ಅವನು ಯಾರನ್ನೂ ಕೇಳದ ಮಾತು ಅದು. ನಾನು ಅನ್ನ ಕಲಸಿ ಬಾಯಿಗಿಟ್ಟೆ.

"ಹದಾ ಅದ," ಎಂದೆ.

ಅವನು ನನ್ನ ಬಾಯಿಯನ್ನೇ ನೋಡುತ್ತಾ ನಿಂತ. ನಾನು ಇನ್ನೊಂದು ತುತ್ತು ಉಂಡ ಮೇಲೆ ಬಕೆಟ್ಟು ಎತ್ತಿಕೊಂಡು ಮುಂದಿನ ಎಲೆಗೆ ಹೋದ.